ಶ್ರೀರಂಗಪಟ್ಟಣ ಪ್ರವಾಸ: ಗಾಡಿ ಯಾರದು ಎಂದು ಕೇಳಿದವರಿಗೆ



ಕಳೆದ ತಿಂಗಳ ಎರಡನೇ ಶನಿವಾರ ಮತ್ತು ಭಾನುವಾರ ನಾವು ಹನ್ನೊಂದು ಜನ ಶ್ರೀರಂಗಪಟ್ಟಣ, ಮೈಸೂರು ನೋಡಿಕೊಂಡು ಬಂದೆವು. ಫೋಟೋಗಳನ್ನು ನೀವೆಲ್ಲ ಸ್ಟೇಟಸ್‌ನಲ್ಲಿ ನೋಡಿದ್ದೀರಿ. ಮುಂದಿನ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಇಬ್ಬರು ಮೂವರು ಹಿರಿಯರು ನಮ್ಮನ್ನು ನಿಲ್ಲಿಸಿ ಕೇಳಿದರು: "ನಮ್ಮವರನ್ನು ಅಷ್ಟು ಹಿಂಸೆ ಮಾಡಿದ ಟಿಪ್ಪುವಿನ ಊರಿಗೆ ಯಾಕಪ್ಪಾ ಹೋಗಿದ್ರಿ? ಅದೂ ಸಾಬರ ಹುಡುಗನ ಗಾಡಿ ಮಾಡ್ಕೊಂಡು? ಮುಂದಿನ ಸಲ ನಮ್ಮವರದೇ ಗಾಡಿ ನೋಡಿ."

ಅಲ್ಲಿ ನಾವು "ಸರಿ ಅಂಕಲ್" ಎಂದು ತಲೆಯಾಡಿಸಿ ಬಂದೆವು. ಅದು ತಪ್ಪಾಯಿತು. ಹಿರಿಯರಿಗೆ ಎದುರು ಮಾತಾಡಬಾರದು ಎಂಬುದು ಸರಿ. ಆದರೆ ಒಪ್ಪದಿರುವ ಮಾತಿಗೆ ತಲೆಯಾಡಿಸುವುದೂ ಒಂದು ಸುಳ್ಳೇ. ಹಾಗಾಗಿ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಬರೆಯುವಾಗ ನಮ್ಮ ತಪ್ಪನ್ನೂ ಹೇಳಬೇಕಾಗುತ್ತದೆ. ಯಾಕೆಂದರೆ ಹಿರಿಯರು ಪೂಜೆಯ ನಂತರ ಕೇಳಿದ ಮಾತನ್ನು ನಾವು ದಾರಿಯಲ್ಲೇ, ಇನ್ನೂ ಕೆಟ್ಟದಾಗಿ, ಆಡಿ ಮುಗಿಸಿದ್ದೆವು.

ಮೊದಲು ದಾರಿಯ ವಿಷಯ. ನಕಾಶೆಯಲ್ಲಿ ನೋಡಿದರೆ ಶ್ರೀರಂಗಪಟ್ಟಣ ನಾಟ್ರಾಂಪಾಳ್ಯಕ್ಕೆ ಪಶ್ಚಿಮದಲ್ಲಿದೆ. ಹಕ್ಕಿಯಾಗಿದ್ದರೆ ತಿಂಡಿ ಹೊತ್ತಿಗೆ ಹೋಗಿ ಇಳಿಯಬಹುದು. ಆದರೆ ನಡುವೆ ಕಾಡಿದೆ, ಕಾವೇರಿ ಇದೆ. ಗಾಡಿಗೆ ದಾರಿ ಸುತ್ತು: ಅಂಚೆಟ್ಟಿ, ಡೆಂಕಣಿಕೋಟೆ, ತಳಿ, ಆಮೇಲೆ ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು. ಅಂಚೆಟ್ಟಿ ಕಾಡಿನ ದಾರಿಯಲ್ಲಿ ಆನೆ ಇರುತ್ತದೆಂದು ಬೆಳಕು ಹರಿದ ಮೇಲೆಯೇ ಹೊರಟೆವು. ನಮ್ಮ ಜೊತೆ ಇಬ್ಬರು ಅಕ್ಕಂದಿರು ಬಂದಿದ್ದರಿಂದ ಹೆಣ್ಣುಮಕ್ಕಳ ಮನೆಯವರು ಒಪ್ಪಿದರು. ಆದರೂ ಒಂದು ಮನೆಯಲ್ಲಿ ಅಮ್ಮ ಕೊನೆಯ ಗಳಿಗೆವರೆಗೂ ಹೆದರುತ್ತಿದ್ದರು. ಅವರ ಭಯ ಟಿಪ್ಪುವಿನದಲ್ಲ, ನಂಬರ್ ಪ್ಲೇಟಿನದು. "ಟಿಎನ್ ಗಾಡಿ ತಗೊಂಡು ಮಂಡ್ಯ ಕಡೆ ಹೋಗ್ತಿದ್ದೀರಲ್ಲಾ" ಎಂದರು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆಯಾಗಿ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸುಟ್ಟದ್ದನ್ನು ಅವರು ಟಿವಿಯಲ್ಲಿ ನೋಡಿದ್ದಾರೆ. ಅವರ ಭಯವನ್ನು ನಾವು ತಮಾಷೆ ಮಾಡುವುದಿಲ್ಲ.

ಈ ಭಯ ನಮ್ಮ ಪಾಡಿನ ಒಂದು ಭಾಗ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಆ ಕಡೆ ಹೋದರೆ ಗಾಡಿ ನೋಡಿ ತಮಿಳರು ಎನ್ನುತ್ತಾರೆ, ಈ ಕಡೆ ಮಾತು ಕೇಳಿ ಕನ್ನಡದವರು ಎನ್ನುತ್ತಾರೆ. ಮಳವಳ್ಳಿಯಲ್ಲಿ ಟೀ ಕುಡಿಯುವಾಗ ಅಂಗಡಿಯವರು ನಮ್ಮ ಮಾತು ಕೇಳಿ "ಕನ್ನಡ ಚೆನ್ನಾಗಿ ಕಲ್ತಿದ್ದೀರಲ್ಲಾ" ಎಂದು ಹೊಗಳಿದರು. ನಮ್ಮ ಅಜ್ಜಿಯ ಮಾತನ್ನು ನಾವು ಕಲಿತೆವಂತೆ! ಅವರು ಪ್ರೀತಿಯಿಂದಲೇ ಹೇಳಿದ್ದು. ನಕ್ಕು ಸುಮ್ಮನಾದೆವು.

ಅವರಿಗೆ ಹೇಳಬಹುದಿತ್ತು, ಒಂದು ಕಾಲದಲ್ಲಿ ನಾವೂ ನೀವೂ ಒಂದೇ ರಾಜಧಾನಿಗೆ ಕಂದಾಯ ಕಟ್ಟುತ್ತಿದ್ದೆವು ಎಂದು. ನಮ್ಮ ಸೀಮೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು, ಶ್ರೀರಂಗಪಟ್ಟಣ ಅದರ ರಾಜಧಾನಿ. 1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಟ್ಟಾಗ ಕೃಷ್ಣಗಿರಿಯ ಸುತ್ತಿನ ಬಾರಾಮಹಲ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಹೊಸೂರು, ಡೆಂಕಣಿಕೋಟೆಯ ಮೇಲ್ಸೀಮೆಯೂ ಹೋಯಿತು. ಎರಡೂ ಸೇರಿ ಸೇಲಂ ಜಿಲ್ಲೆಯಾದವು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆದದ್ದು ಆಮೇಲಿನ ಮಾತು. ಅಂದರೆ ನಾವು ನೋಡಲು ಹೊರಟದ್ದು ಯಾರದೋ ಊರನ್ನಲ್ಲ, ನಮ್ಮ ಹಳೆಯ ರಾಜಧಾನಿಯನ್ನು. ನಮ್ಮ ಮತ್ತು ಅವರ ನಡುವೆ ಗೆರೆ ಎಳೆದದ್ದೂ ಆ ಊರು ಸೋತ ದಿನದಿಂದಲೇ.

ಇದೆಲ್ಲ ನಮಗೆ ಅವತ್ತು ಗೊತ್ತಿರಲಿಲ್ಲ. ಬಂದ ಮೇಲೆ ಓದಿ ತಿಳಿದದ್ದು.

ಗಾಡಿ ನಮ್ಮ ಗೆಳೆಯನದು. ಡೆಂಕಣಿಕೋಟೆಯವನು, ನಮ್ಮಲ್ಲಿ ಮೂವರ ಜೊತೆ ಕಾಲೇಜಿನಲ್ಲಿ ಓದಿದವನು. ಈಗ ಅಪ್ಪನ ಟೆಂಪೋ ಟ್ರಾವೆಲರ್ ಓಡಿಸುತ್ತಾನೆ. ಕೊರೊನಾ ಕಾಲದಲ್ಲಿ ಬೇರೆ ಗಾಡಿಯವರು ಬರಲು ಹೆದರಿದಾಗ ನಮ್ಮ ಕಡೆಯ ಎಷ್ಟೋ ಜನರನ್ನು ಅವನ ಅಪ್ಪ ಇದೇ ಗಾಡಿಯಲ್ಲಿ ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಈಗ ಗಾಡಿ ಯಾರದು ಎಂದು ಕೇಳುತ್ತಿರುವ ಮನೆಗಳಲ್ಲಿ ಒಂದೆರಡು ಅವತ್ತು ಕೇಳಿರಲಿಲ್ಲ. ಇದನ್ನು ಚುಚ್ಚಲು ಹೇಳುತ್ತಿಲ್ಲ. ಆದರೂ ಹೇಳಬೇಕೆನಿಸಿತು.

ಮಳವಳ್ಳಿ ದಾಟಿದ ಮೇಲೆ ನಮ್ಮಲ್ಲೊಬ್ಬ ಮೊಬೈಲ್ ತೆಗೆದು "ಇವತ್ತು ಯಾವ ಊರಿಗೆ ಹೋಗ್ತಿದ್ದೀವಿ ಗೊತ್ತಾ, ಕೇಳಿ" ಎಂದು ಒಂದು ಫಾರ್ವರ್ಡ್ ಓದಿದ. ಟಿಪ್ಪು ಕ್ರೈಸ್ತರಿಗೆ ಏನೇನು ಮಾಡಿದ ಎಂಬ ಮೆಸೇಜ್ ಅದು. ಲಕ್ಷಗಳ ಲೆಕ್ಕವಿತ್ತು. ಕೊನೆಗೆ ಈಗಿನ ಮುಸ್ಲಿಮರ ಬಗ್ಗೆ ಎರಡು ಸಾಲಿತ್ತು. ಇನ್ನೊಬ್ಬ ಅದರ ಮೇಲೊಂದು ಜೋಕು ಮಾಡಿದ. ಆ ಜೋಕನ್ನು ಇಲ್ಲಿ ಬರೆಯುವುದಿಲ್ಲ. ನಾವೆಲ್ಲ ನಕ್ಕೆವು. ಎಲ್ಲರೂ. ಓದಿದವನೊಬ್ಬನ ಮೇಲೆ ಹಾಕಿ ನಾವು ತಪ್ಪಿಸಿಕೊಳ್ಳುವುದಿಲ್ಲ. ಗೆಳೆಯ ಏನೂ ಹೇಳಲಿಲ್ಲ. ಹಾಡಿನ ಸೌಂಡ್ ಸ್ವಲ್ಪ ಹೆಚ್ಚು ಮಾಡಿದ, ಅಷ್ಟೇ.

ಶ್ರೀರಂಗಪಟ್ಟಣದಲ್ಲಿ ಮೊದಲು ಕೋಟೆ ನೋಡಿದೆವು. ಅವನು "ನೀವು ಹೋಗಿ ಬನ್ನಿ, ನಾನು ಗಾಡಿ ನೋಡ್ಕೋತೀನಿ" ಎಂದ. ಡ್ರೈವರ್ ಗಾಡಿ ಹತ್ತಿರ ಇರುವುದು ಸಹಜ ಎಂದುಕೊಂಡೆವು. ಆದರೆ ಇಷ್ಟು ಸಲ ಅವನ ಜೊತೆ ಹೋಗಿದ್ದೇವೆ, ಅವನು ಯಾವತ್ತೂ ಗಾಡಿ ಹತ್ತಿರ ಕೂತವನಲ್ಲ. ನಮಗಿಂತ ಮೊದಲು ಅವನೇ ಇಳಿಯುತ್ತಿದ್ದ.

ಕೋಟೆಯೊಳಗೆ ರಂಗನಾಥಸ್ವಾಮಿ ದೇವಸ್ಥಾನವಿದೆ, ಎರಡು ಮಿನಾರುಗಳ ಜುಮ್ಮಾ ಮಸೀದಿ ಇದೆ, ಟಿಪ್ಪುವಿನ ಹೆಣ ಸಿಕ್ಕ ಜಾಗದ ಗುರುತಿನ ಕಲ್ಲಿದೆ. ನದಿ ಕಡೆಯ ಗೋಡೆಯ ಹತ್ತಿರ ಕರ್ನಲ್ ಬೈಲಿ ಬಂದೀಖಾನೆ. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆ ಸಿಕ್ಕ ಇಂಗ್ಲಿಷ್ ಸೇನಾಧಿಕಾರಿ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಆ ನೆಲಮಾಳಿಗೆಯ ಹೆಸರು ಅವನದೇ. ಸುಣ್ಣ ಬಳಿದ ಕಮಾನುಗಳು, ಗೋಡೆಯಲ್ಲಿ ಸರಪಳಿ ಕಟ್ಟಲು ತೂತು ಕೊರೆದ ಕಲ್ಲುಗಳು. ಹೊರಗಿನ ಬಿಸಿಲಿಂದ ಇಳಿದು ಹೋದರೆ ತಂಪಾಗಿರುತ್ತದೆ. ನಮ್ಮ ಹುಡುಗರು ಆ ಕಲ್ಲುಗಳ ಮುಂದೆ ಎರಡೂ ಕೈ ಅಗಲಿಸಿ, ನಾಲಿಗೆ ಹೊರಗೆ ಹಾಕಿ, ಕಟ್ಟಿಹಾಕಿದ ಕೈದಿಗಳ ಹಾಗೆ ನಿಂತು ರೀಲ್ಸ್ ಮಾಡಿದರು. ಒಂದು ಗಂಟೆ ಮೊದಲು ಗಾಡಿಯಲ್ಲಿ ಸೆರೆಯಾಳುಗಳಿಗಾಗಿ ಕಣ್ಣು ಕೆಂಪು ಮಾಡಿಕೊಂಡವರು ನಾವೇ. ಸೆರೆಮನೆಗೆ ಬಂದು ನಕ್ಕವರೂ ನಾವೇ. ಆ ರೀಲ್ಸ್‌ಗೆ ಬಂದ ಲೈಕ್ ಬೇರೆ ಯಾವ ಫೋಟೋಗೂ ಬರಲಿಲ್ಲ. ಈಗ ತೆಗೆದುಹಾಕಿದ್ದೇವೆ.

ದರಿಯಾ ದೌಲತ್ ಬಾಗ್‌ಗೂ ಅವನು ಬರಲಿಲ್ಲ. 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು, ತೋಟದ ನಡುವೆ. ಪಶ್ಚಿಮದ ಗೋಡೆ ಪೂರ್ತಿ ಪೊಳ್ಳಿಲೂರಿನ ಯುದ್ಧದ ಚಿತ್ರ. ಕುದುರೆಗಳು, ಫಿರಂಗಿಗಳು, ಸಾಲು ಸಾಲು ಸೈನಿಕರು. ಒಂದು ತಾಸು ನೋಡಿದರೂ ಮುಗಿಯುವುದಿಲ್ಲ. ನಾವು ಹತ್ತು ನಿಮಿಷದಲ್ಲಿ ಮುಗಿಸಿದೆವು.

ಗುಂಬಜ್ ಹತ್ತಿರ ಮಾತ್ರ ಅವನು ಇಳಿದ. ಹೈದರಾಲಿ, ಅವನ ಹೆಂಡತಿ, ಮಗ ಟಿಪ್ಪು ಮೂವರ ಸಮಾಧಿಗಳೂ ಅಲ್ಲಿವೆ. ಅವನು ನಮಗಿಂತ ಸ್ವಲ್ಪ ಹಿಂದೆ ಬಂದು, ಕೈ ಎತ್ತಿ ಪ್ರಾರ್ಥನೆ ಮಾಡಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ನಮ್ಮ ಜೊತೆ ಬಂದಿದ್ದ ಒಬ್ಬ ಅಕ್ಕ ಹೋಗಿ ಪಕ್ಕದಲ್ಲಿ ಕೂತು "ಬೇಜಾರಾಯ್ತಾ ತಮ್ಮಾ?" ಎಂದು ಕೇಳಿದರು. ಹನ್ನೊಂದು ಜನರಲ್ಲಿ ಅವರೊಬ್ಬರಿಗೆ ಅದು ಹೊಳೆದಿತ್ತು.

ಅವನು ಹೇಳಿದ್ದು ಇಷ್ಟು: "ಟಿಪ್ಪು ನಮ್ ತಾತ ಅಲ್ಲಕ್ಕಾ. ಅವ್ನು ಮಾಡಿದ್ದಕ್ಕೆ ನಾನೇನ್ ಹೇಳ್ಲಿ? ಗಾಡೀಲಿ ಹನ್ನೆರಡು ಜನ ಇದ್ವಿ. ನೀವೆಲ್ಲ ನಕ್ಕಾಗ ನಾನೊಬ್ನೇ ಆಗೋದೆ."

ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: "ಅದು ನಿಜಾನಾ? ಅಷ್ಟು ಜನಾನ ಹಿಡ್ಕೊಂಡ್ ಬಂದಿದ್ದು?"

ನಮಗೆ ಗೊತ್ತಿರಲಿಲ್ಲ. ಓದಿದವನಿಗೂ ಗೊತ್ತಿರಲಿಲ್ಲ, ನಕ್ಕವರಿಗೂ ಗೊತ್ತಿರಲಿಲ್ಲ. ಇಡೀ ಪ್ರವಾಸದಲ್ಲಿ ನಮಗೆ ಅತಿ ನಾಚಿಕೆಯಾದ ಗಳಿಗೆ ಅದು. ಜೋಕಿಗಿಂತ ಹೆಚ್ಚು. ಒಬ್ಬನನ್ನು ನೋಯಿಸಲು ಬಳಸಿದ ಮಾತು ನಿಜವೋ ಸುಳ್ಳೋ ಎಂಬುದೇ ನಮಗೆ ಬೇಕಾಗಿರಲಿಲ್ಲ.

ಹಾಗಾಗಿ ಬಂದ ಮೇಲೆ ಓದಿದೆವು. ನಮಗೆ ತಿಳಿದದ್ದನ್ನು ನಿಮಗೂ ಹೇಳುತ್ತೇವೆ.

ಹೌದು, ನಿಜ. 1784ರಲ್ಲಿ ಟಿಪ್ಪು ಮಂಗಳೂರು ಸೀಮೆಯ, ಅಂದರೆ ಕೆನರಾದ, ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ವಿಭೂತಿ ಬುಧವಾರದ ದಿನ ಹಿಡಿದರು ಎಂದು ಆ ಜನ ಇಂದಿಗೂ ನೆನೆಯುತ್ತಾರೆ. ಇಂಗ್ಲಿಷರ ಜೊತೆ ನಡೆದ ಯುದ್ಧದಲ್ಲಿ ಅವರು ಶತ್ರುವಿಗೆ ಸಹಾಯ ಮಾಡಿದರು ಎಂಬುದು ಅವನ ಆರೋಪ. ಚರ್ಚುಗಳನ್ನು ಕೆಡವಿದರು, ಆಸ್ತಿ ಕಿತ್ತುಕೊಂಡರು. ದಾರಿಯಲ್ಲೇ ಸತ್ತವರಿದ್ದಾರೆ. ಬಲವಂತದ ಮತಾಂತರವಾಯಿತು, ಗಂಡಸರನ್ನು ಸೈನ್ಯಕ್ಕೆ ಸೇರಿಸಿದರು. ಎಷ್ಟು ಜನ ಎಂಬ ಲೆಕ್ಕ ಒಂದೇ ರೀತಿ ಇಲ್ಲ. ಅದೇ ಊರಿನಲ್ಲಿ ತಾನೂ ಕೈದಿಯಾಗಿದ್ದ ಜೇಮ್ಸ್ ಸ್ಕರ್ರಿ ಎಂಬ ಇಂಗ್ಲಿಷಿನವ 30 ಸಾವಿರ ಎನ್ನುತ್ತಾನೆ. ಬೇರೆಯವರ ಲೆಕ್ಕ 60 ಸಾವಿರ, 80 ಸಾವಿರದವರೆಗೂ ಹೋಗುತ್ತದೆ. ಫಾರ್ವರ್ಡ್‌ನಲ್ಲಿದ್ದ ಲಕ್ಷಗಳು ಎಲ್ಲಿಂದ ಬಂದವೋ ನಮಗೆ ಸಿಗಲಿಲ್ಲ. 30 ಸಾವಿರವೇ ಆಗಿರಲಿ. ನಮ್ಮ ಸುತ್ತಿನ ಹಳ್ಳಿಗಳನ್ನೆಲ್ಲ ಖಾಲಿ ಮಾಡಿದರೂ ಅಷ್ಟು ಜನ ಆಗುತ್ತಾರೋ ಇಲ್ಲವೋ. ಸತ್ಯವೇ ಇಷ್ಟು ಭಾರವಿರುವಾಗ ಅದಕ್ಕೆ ಸುಳ್ಳು ಸೇರಿಸುವುದು ಸತ್ತವರಿಗೆ ಮಾಡುವ ಮರ್ಯಾದೆಯಲ್ಲ.

ಇನ್ನೊಂದು ಬಗೆಯವರೂ ಇದ್ದಾರೆ. "ಹಳೇ ಕಥೆ ಯಾಕೆ ಕೆದಕಬೇಕು, ಟಿಪ್ಪು ಸ್ವಾತಂತ್ರ್ಯಕ್ಕಾಗಿ ಸತ್ತವನು, ಅಷ್ಟು ಸಾಕು" ಎನ್ನುವವರು. ಅದನ್ನೂ ನಾವು ಒಪ್ಪುವುದಿಲ್ಲ. ನಮ್ಮ ಗೆಳೆಯನಿಗೆ ಬೇಜಾರಾಗದಿರಲಿ ಎಂದು ಸೆರೆಯಾದವರನ್ನು ಮರೆತುಬಿಡುವುದು ಗೆಳೆತನವಲ್ಲ. ಅವನು ಕೇಳಿದ್ದೂ ಅದನ್ನಲ್ಲ, ನಿಜವೇ ಎಂದು ಕೇಳಿದ.

ಆದರೆ ನಿಜ ಹೇಳುವುದಾದರೆ ಪೂರ್ತಿ ಹೇಳಬೇಕು. ಟಿಪ್ಪು ಕೊಡವರನ್ನೂ, ಮಲಬಾರಿನ ನಾಯರನ್ನೂ ಹೀಗೆಯೇ ಹಿಡಿಸಿ ತಂದ. ಇದೇ ಟಿಪ್ಪು, 1791ರಲ್ಲಿ ಮರಾಠರ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಮಠವನ್ನು ಮತ್ತೆ ನಿಲ್ಲಿಸಲು ಹಣ ಕೊಟ್ಟು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರಗಳನ್ನು ಬರೆಸಿದ. ಆ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ಅವನ ಸೈನ್ಯದಲ್ಲಿ ಫ್ರೆಂಚರಿದ್ದರು. 1799ರ ಮೇ 4ರಂದು ಇಂಗ್ಲಿಷರು ಕೋಟೆಗೆ ನುಗ್ಗಿದಾಗ ಅವರ ಜೊತೆಗಿದ್ದದ್ದು ಹೈದರಾಬಾದಿನ ನಿಜಾಮನ ಸೈನ್ಯ. ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ "ಅವರು ನಮ್ಮನ್ನು" ಎಂಬ ಎರಡು ಪದದಲ್ಲಿ ಕಥೆ ಹಿಡಿಯುವುದಿಲ್ಲ. ಅವನು ಒಬ್ಬ ರಾಜ. ತನ್ನ ರಾಜ್ಯಕ್ಕೆ ಅಡ್ಡ ಬಂದರೆಂದು ಕಂಡವರನ್ನು ಅವರ ಧರ್ಮವನ್ನೂ ಸೇರಿಸಿ ತುಳಿದ, ಬೇಕಾದವರನ್ನು ಕಾಪಾಡಿದ. ಕೆನರಾದ ಕ್ರೈಸ್ತರಿಗೆ ಅವನು ಮಾಡಿದ್ದು ಅನ್ಯಾಯವೇ. ಆ ಅನ್ಯಾಯದ ಲೆಕ್ಕ ಡೆಂಕಣಿಕೋಟೆಯಲ್ಲಿ ಟೆಂಪೋ ಓಡಿಸುವ ಹುಡುಗನ ಹತ್ತಿರ ಕೇಳುವಂಥದ್ದಲ್ಲ.

ಈಗ ನಮ್ಮ ಪ್ರವಾಸದಲ್ಲಿ ನಮಗೆ ಅತಿ ಹಿಡಿಸಿದ ಜಾಗಕ್ಕೆ ಬರುತ್ತೇವೆ. ಗುಂಬಜ್ ಇರುವ ಗಂಜಾಂ ಕಡೆಯಲ್ಲೇ ಒಂದು ಸಣ್ಣ ಚರ್ಚ್ ಇದೆ. ಅಬ್ಬೆ ದ್ಯುಬುವಾ ಚರ್ಚ್ ಎನ್ನುತ್ತಾರೆ. 1800ರ ಹೊತ್ತಿನದು. ನಾವು ಹೋದಾಗ ಬಾಗಿಲು ಹಾಕಿತ್ತು. ಹೊರಗೆ ನಿಂತು ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿದೆವು. ಗೆಳೆಯನೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತ. ಪ್ರವಾಸಿಗರು ಯಾರೂ ಇರಲಿಲ್ಲ. ದರಿಯಾ ದೌಲತ್ ಮುಂದೆ ಇದ್ದ ಬಸ್ಸುಗಳಲ್ಲಿ ಒಂದೂ ಇಲ್ಲಿಗೆ ಬಂದಿರಲಿಲ್ಲ.

ಫಾದರ್ ದ್ಯುಬುವಾ ಫ್ರಾನ್ಸಿನವರು, 1792ರಲ್ಲಿ ಭಾರತಕ್ಕೆ ಬಂದವರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ, ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರು ಸೀಮೆಗೆ ಬಂದರು. ಊಹಿಸಿ ನೋಡಿ. ಹದಿನೈದು ವರ್ಷ ಸೆರೆಯಲ್ಲಿದ್ದ ಜನ, ಬೇರೆ ಹೆಸರು ಇಟ್ಟುಕೊಂಡು ಬದುಕಿದ ಜನ, ಹುಟ್ಟಿದಾಗಿನಿಂದ ಚರ್ಚೇ ನೋಡದ ಮಕ್ಕಳು. ಊರು ಆಗಷ್ಟೇ ಲೂಟಿಯಾಗಿದೆ. ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಆ ಮನುಷ್ಯ ಏನು ಮಾಡಿದರು? ಪಂಚೆ, ರುಮಾಲು ಹಾಕಿಕೊಂಡು, ಇಲ್ಲಿನವರ ಊಟ ಉಂಡು, ನೆಲೆಯಿಲ್ಲದವರಿಗೆ ಬೇಸಾಯದ ಊರುಗಳನ್ನು ಕಟ್ಟಿಕೊಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಯೋರು ಎಂದು ಕರೆದರು. ಆಮೇಲೆ ಸಿಡುಬಿನ ಲಸಿಕೆ ಹಿಡಿದು ಹೊರಟರು.

ನಮ್ಮಲ್ಲಿ ಬಿಎಸ್ಸಿ ಓದಿದವರಿಗೆ ಈ ಭಾಗ ಎಷ್ಟು ಓದಿದರೂ ಸಾಲದು. ಜೆನ್ನರ್ ಇಂಗ್ಲೆಂಡಿನಲ್ಲಿ ಗೋಸಿಡುಬಿನ ಲಸಿಕೆ ಪರೀಕ್ಷಿಸಿದ್ದು 1796ರಲ್ಲಿ. ಅದು ಮುಂಬೈಗೆ ಬಂದದ್ದು 1802ರ ಜೂನ್‌ನಲ್ಲಿ. ಫ್ರಿಜ್ ಇಲ್ಲ, ಐಸ್ ಬಾಕ್ಸ್ ಇಲ್ಲ. ಒಬ್ಬ ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಅಲ್ಲಿಂದ ಮತ್ತೊಂದಕ್ಕೆ. ನಡುವೆ ಒಂದು ಕೊಂಡಿ ತಪ್ಪಿದರೆ ಲಸಿಕೆ ಮುಗಿಯಿತು. ಅಂದರೆ ಜಾತಿ, ಧರ್ಮ ನೋಡುವ ಊರಿನಲ್ಲಿ ಒಬ್ಬರ ಮೈಯ ರಸ ಇನ್ನೊಬ್ಬರ ಮೈಗೆ ಹೋಗಬೇಕು. ಜನ ಎಷ್ಟು ಹೆದರಿರಬೇಡ! ಕೊರೊನಾ ಲಸಿಕೆಗೆ ನಮ್ಮೂರಲ್ಲಿ ಎಷ್ಟು ಜನ ಹೊಲದಲ್ಲಿ ಅಡಗಿಕೊಂಡರು ಎಂಬುದು ನಮಗೆ ಗೊತ್ತಿದೆ. ಅಂಥದ್ದರಲ್ಲಿ 1803 ಮತ್ತು 1804ರಲ್ಲಿ, ಒಂದು ವರ್ಷವೂ ತುಂಬುವುದರೊಳಗೆ, ದ್ಯುಬುವಾ ಅವರು 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಇದೇ ಊರಿಗೆ ಸಾವಿರಾರು ಜನ ಸೆರೆಯಾಗಿ ನಡೆದು ಬಂದಿದ್ದರು.

ಅವರನ್ನು ಸಂತ ಮಾಡಲು ನಾವು ಹೊರಟಿಲ್ಲ. ಭಾರತದ ಆಚಾರ ವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಪುಸ್ತಕದ ಬಹುಭಾಗ ಅವರದಲ್ಲ, ಅವರಿಗಿಂತ ಹಿಂದಿನ ಒಬ್ಬ ಜೆಸುಯಿಟ್ ಗುರುವಿನದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮ್ಯೂರ್ ತೋರಿಸಿದ್ದಾರೆ. ಇಲ್ಲಿನ ಜನರ ಬಗ್ಗೆ ಅದರಲ್ಲಿ ಕಟುವಾದ ಮಾತುಗಳಿವೆ. 1823ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. ಆ ವರ್ಷವೇ ಪ್ರಕಟವಾದ ಪತ್ರಗಳಲ್ಲಿ ತನ್ನ ಇಷ್ಟು ವರ್ಷದ ಕೆಲಸ ಫಲ ಕೊಡಲಿಲ್ಲ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಆಸೆ ಇಲ್ಲ ಎಂದು ಬರೆದರು. ನಾವು ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಫಲ ಕೊಡಲಿಲ್ಲವಂತೆ. ಆ 25 ಸಾವಿರ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ಎಲ್ಲೆಲ್ಲಿದ್ದಾರೋ, ಯಾವ ಯಾವ ಧರ್ಮದಲ್ಲಿದ್ದಾರೋ!

ಸಂಜೆ ಸಂಗಮಕ್ಕೆ ಹೋದೆವು. ಶ್ರೀರಂಗಪಟ್ಟಣವನ್ನು ಬಳಸಿ ಎರಡಾಗಿ ಹರಿದ ಕಾವೇರಿ ಅಲ್ಲಿ ಮತ್ತೆ ಒಂದಾಗುತ್ತಾಳೆ. ಹರಿಗೋಲಿನವರು ಕರೆಯುತ್ತಿದ್ದರು. ಹೊಗೇನಕಲ್ ಪಕ್ಕದವರಿಗೆ ಹರಿಗೋಲು ಹತ್ತಿಸಲು ಬಂದಿರಾ ಎಂದು ನಮ್ಮ ಹುಡುಗರು ನಕ್ಕರು. ಅದೇ ನೀರು ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟಿನಲ್ಲಿ ಸೀಳಿ, ನಮ್ಮ ಪಕ್ಕದ ಬಿಳಿಗುಂಡ್ಲುವಿಗೆ ಬರುತ್ತದೆ. ತಮಿಳುನಾಡಿಗೆ ಎಷ್ಟು ಬಂತು ಎಂದು ಕೇಂದ್ರ ಜಲ ಆಯೋಗದವರು ಅಳೆಯುವುದು ಅಲ್ಲಿಯೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ 177.25 ಟಿಎಂಸಿಯ ಲೆಕ್ಕವೂ ಬಿಳಿಗುಂಡ್ಲುವಿನದೇ. ಟಿವಿಯವರಿಗೆ ಅದೊಂದು ನಂಬರ್. ನಮಗೆ ದನ ಮೇಯಿಸುವ ಕಡೆ.

ಫಾರ್ವರ್ಡ್ ಓದಿದ ಹುಡುಗ ಅಲ್ಲಿ, ಎಲ್ಲರೂ ನೀರಿಗೆ ಕಾಲು ಬಿಟ್ಟು ಕೂತಾಗ, ಗೆಳೆಯನಿಗೆ "ಸಾರಿ ಮಚ್ಚಾ" ಎಂದ. ಅವನು "ಬಿಡೋ" ಎಂದ. ಸಿನಿಮಾದಲ್ಲಿ ಆಗುವ ಹಾಗೆ ಅಪ್ಪಿಕೊಳ್ಳಲಿಲ್ಲ. ರಾತ್ರಿ ಮೈಸೂರಿನಲ್ಲಿ ಪರಿಚಯದವರ ಎರಡು ಮನೆಗಳಲ್ಲಿ ಮಲಗಿದೆವು, ಹುಡುಗರ ಮನೆಯಲ್ಲಿ ಅವನೂ ಇದ್ದ. ಸ್ವಲ್ಪ ಮಾತಾಡಿದ. ಮೊದಲಿನ ಹಾಗೆ ಅಲ್ಲ. ಅದು ಒಂದೇ ದಿನಕ್ಕೆ ಸರಿಹೋಗುವಂಥದ್ದಲ್ಲ ಎಂದು ನಮಗೂ ಗೊತ್ತು.

ಭಾನುವಾರ ಬೆಳಿಗ್ಗೆ ಸಂತ ಫಿಲೋಮಿನಾ ದೇವಾಲಯದಲ್ಲಿ ಪೂಜೆ. 175 ಅಡಿ ಎತ್ತರದ ಆ ಎರಡು ಗೋಪುರಗಳನ್ನು ತಲೆ ಎತ್ತಿ ನೋಡಿ ಎಲ್ಲರ ಕುತ್ತಿಗೆ ನೋವು ಬಂತು. 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ದಿನವೂ ಚಾಮುಂಡಿಗೆ ಕೈ ಮುಗಿಯುತ್ತಿದ್ದ ರಾಜರು ನಮ್ಮ ಚರ್ಚಿಗೆ ಕಲ್ಲು ಇಟ್ಟರು. ಅವತ್ತು ಯಾರಾದರೂ ಹಿರಿಯರು ನಿಂತು "ಅಡಿಗಲ್ಲು ನಮ್ಮವರೇ ಹಾಕಲಿ" ಎಂದಿದ್ದರೆ?

ಇನ್ನು ಹಿರಿಯರ ಎರಡು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತೇವೆ.

ಟಿಪ್ಪುವಿನ ಊರಿಗೆ ಯಾಕೆ ಹೋದಿರಿ? ಅದು ಟಿಪ್ಪುವಿನ ಊರು ಮಾತ್ರ ಅಲ್ಲ, ಅಲ್ಲಿಗೆ ಸೆರೆಯಾಗಿ ಬಂದವರ ಊರು, ದೊಡ್ಡ ಸ್ವಾಮಿಯೋರ ಊರು, ನಮ್ಮ ಸೀಮೆಯ ಹಳೇ ರಾಜಧಾನಿ. ನಾವು ಮಾಡಿದ ತಪ್ಪು ಹೋದದ್ದಲ್ಲ, ಏನೂ ಓದದೆ ಹೋದದ್ದು. ಮುಂದೆ ಯುವಜನರ ಪ್ರವಾಸ ಎಂದರೆ ಹೊರಡುವ ಹಿಂದಿನ ವಾರ ಒಂದು ಸಂಜೆ ಕೂತು ಆ ಊರಿನ ಬಗ್ಗೆ ಯಾರಾದರೂ ಓದಿ ಹೇಳಬೇಕು ಎಂದು ತೀರ್ಮಾನಿಸಿದ್ದೇವೆ. ಚಿಪ್ಸ್, ಜ್ಯೂಸ್ ಯಾರು ತರಬೇಕು ಎಂದು ಮೂರು ಮೀಟಿಂಗ್ ಮಾಡುತ್ತೇವೆ, ಇದಕ್ಕೆ ಒಂದು ಮೀಟಿಂಗ್ ಆಗುವುದಿಲ್ಲವೇ? ನಮ್ಮ ಯುವಜನರ ಗ್ರೂಪಿನಲ್ಲಿ ಯಾವುದೇ ಧರ್ಮದವರ ಮೇಲಿನ ಫಾರ್ವರ್ಡ್ ಹಾಕಿದವರು, ಅದು ಎಲ್ಲಿಂದ ಬಂತು ಎಂದು ಹೇಳಬೇಕು. ಹೇಳಲಾಗದಿದ್ದರೆ ಅಳಿಸಬೇಕು. ಇದಕ್ಕೆ ಇಬ್ಬರು ಗ್ರೂಪ್ ಬಿಟ್ಟು ಹೋಗಿದ್ದಾರೆ. ಮನೆಗೆ ಹೋಗಿ ಮಾತಾಡಿಸುತ್ತೇವೆ.

ಗಾಡಿ ಯಾರದು? ನಮ್ಮವನದೇ. ನಮ್ಮವರು ಎಂಬ ಪದವನ್ನು ಯೇಸುಸ್ವಾಮಿಗೆ ಕೇಳಿದಾಗ ಅವರು ಸಮಾರ್ಯದವನೊಬ್ಬನ ಕಥೆ ಹೇಳಿದರು ಎಂದು ಧರ್ಮೋಪದೇಶದ ತರಗತಿಯಲ್ಲಿ ನಮಗೆ ಕಲಿಸಿದವರು ನೀವೇ. ನೀವು ಕಲಿಸಿದ್ದನ್ನೇ ನಿಮಗೆ ಒಪ್ಪಿಸುತ್ತಿದ್ದೇವೆ. ಕೋಪ ಬೇಡ. ಒಪ್ಪದವರು ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಜೊತೆ ಕೂತು ಮಾತಾಡಿ. ಈ ಸಲ "ಸರಿ ಅಂಕಲ್" ಎಂದು ತಪ್ಪಿಸಿಕೊಂಡು ಹೋಗುವುದಿಲ್ಲ.

ಮುಂದಿನ ಪ್ರವಾಸ ಹಾಸನದ ಹತ್ತಿರದ ಶೆಟ್ಟಿಹಳ್ಳಿಗೆ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಚರ್ಚ್, ಹೇಮಾವತಿ ಅಣೆಕಟ್ಟಿನ ಹಿನ್ನೀರು ಏರಿದಾಗ ಅರ್ಧ ಮುಳುಗುತ್ತದೆ, ನೀರು ಇಳಿದಾಗ ಒಳಗೆ ನಡೆದುಕೊಂಡು ಹೋಗಬಹುದು. ಗಾಡಿ ಅದೇ. ಅವನನ್ನು ಕೇಳಿದಾಗ ತಕ್ಷಣ ಒಪ್ಪಲಿಲ್ಲ, "ನೋಡಿ ಹೇಳ್ತೀನಿ" ಎಂದ. ಎರಡು ದಿನ ಬಿಟ್ಟು ಫೋನ್ ಮಾಡಿ, ಡೀಸೆಲ್ ರೇಟ್ ಜಾಸ್ತಿಯಾಗಿದೆ, ಹಳೇ ಬಾಡಿಗೆಗೆ ಆಗಲ್ಲ ಎಂದು ಬೈದ. ಹನ್ನೊಂದರಲ್ಲಿ ಏಳು ಸೀಟು ತುಂಬಿವೆ.